ರೋಗ ಮರಳಿ ಬಂದಾಗ

ಸೊಲ್ಲಾಪುರ, ಅಕ್ಕಲಕೋಟದ ನಮ್ಮ ವ್ಯಾಪಾರಿ ಬಂಧುಗಳಲ್ಲಿ ಶೌಚದಲ್ಲಿ ರಕ್ತ ಕಂಡರೂ ಮೂಲವ್ಯಾಧಿ ಎಂದುಕೊಂಡು, ಸಂಕೋಚದಿಂದ ಯಾರಿಗೂ ಹೇಳದೆ ದಿನ ತಳ್ಳುವವರಿದ್ದಾರೆ. ಕೆಲವೊಮ್ಮೆ ಅದು ಗುದನಾಳದ ಕ್ಯಾನ್ಸರ್ ಆಗಿರುತ್ತದೆ. ಶಸ್ತ್ರಚಿಕಿತ್ಸೆಯ ನಂತರವೂ ಅದೇ ಜಾಗದಲ್ಲಿ ಮರುಕಳಿಸಬಹುದಾದದ್ದು ಈ ರೋಗದ ದೊಡ್ಡ ಕಾಟ.

ಇದನ್ನು ತಡೆಯುವ ದಾರಿ ತಿಳಿದದ್ದು ರೋಗಿಗಳು ಒಪ್ಪಿ ಪಾಲ್ಗೊಂಡ ಪ್ರಯೋಗಗಳಿಂದ. 1997ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನದಲ್ಲಿ, ಬರಿಯ ಶಸ್ತ್ರಚಿಕಿತ್ಸೆ ಪಡೆದವರಲ್ಲಿ ಐದು ವರ್ಷಗಳಲ್ಲಿ ನೂರಕ್ಕೆ 27 ಮಂದಿಗೆ ಅದೇ ಜಾಗದಲ್ಲಿ ರೋಗ ಮರಳಿತ್ತು. ಮೊದಲು ಒಂದು ವಾರ ವಿಕಿರಣ, ಅಂದರೆ ಜನ 'ಕರೆಂಟ್' ಎನ್ನುವ ಚಿಕಿತ್ಸೆ ಪಡೆದವರಲ್ಲಿ 11 ಮಂದಿಗೆ ಮಾತ್ರ. 2004ರ ಜರ್ಮನಿಯ ಅಧ್ಯಯನದಲ್ಲಿ ವಿಕಿರಣ ಮತ್ತು ಕೀಮೋ ಜೊತೆಯಾಗಿ ಶಸ್ತ್ರಚಿಕಿತ್ಸೆಗೆ ಮೊದಲು ಕೊಟ್ಟಾಗ ಈ ಸಂಖ್ಯೆ 6, ನಂತರ ಕೊಟ್ಟಾಗ 13.

ಮರುಕಳಿಸಿದ ರೋಗಕ್ಕೆ ಯಾವುದನ್ನು ಯಾವುದರ ಜೊತೆ, ಯಾವ ಕ್ರಮದಲ್ಲಿ ಕೊಡಬೇಕೆಂಬುದು ಇನ್ನೂ ಕಠಿಣ ಪ್ರಶ್ನೆ. ಒಮ್ಮೆ ವಿಕಿರಣ ಪಡೆದ ಜಾಗಕ್ಕೆ ಮತ್ತೆ ಪೂರ್ಣ ಪ್ರಮಾಣ ಕೊಡುವುದು ಸುಲಭವಲ್ಲ. ಮೊದಲು ಕೀಮೋ, ಬಳಿಕ ವಿಕಿರಣದೊಡನೆ ಕೀಮೋ, ಕೊನೆಗೆ ಶಸ್ತ್ರಚಿಕಿತ್ಸೆ ಎಂಬ ಕ್ರಮವನ್ನು ನೆದರ್ಲೆಂಡ್ಸಿನ ವೈದ್ಯರು ಪರೀಕ್ಷೆಗೆ ಎತ್ತಿಕೊಂಡದ್ದು ಇದಕ್ಕಾಗಿಯೇ.

ಆಸ್ಪತ್ರೆಯಲ್ಲಿ 'ಪ್ರಯೋಗ' ಎಂಬ ಮಾತು ಕೇಳಿದೊಡನೆ ಮನೆಯವರು ಬೆದರುತ್ತಾರೆ. ಓದದೆ ಹುಂಡಿಗೆ ಸಹಿ ಹಾಕದ ನಾವು ಒಪ್ಪಿಗೆ ಪತ್ರವನ್ನೂ ನಮ್ಮ ಭಾಷೆಯಲ್ಲಿ ಕೇಳಿ ಓದಬೇಕು. 2009ರಿಂದ ದೇಶದಲ್ಲಿ ಇಂಥ ಪ್ರಯೋಗಗಳ ನೋಂದಣಿ ಕಡ್ಡಾಯ. 2019ರ ನಿಯಮಗಳಂತೆ ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರಕ್ಕೆ ಅವಕಾಶವಿದೆ. ನಡುವೆ ಬಿಡುವ ಹಕ್ಕು ರೋಗಿಗೆ ಸದಾ ಇದೆ. ಒಪ್ಪುವುದು, ಬಿಡುವುದು ರೋಗಿಯ ನಿರ್ಧಾರ. ರೋಗದ ಹೆಸರನ್ನು ಅವರಿಂದಲೇ ಮುಚ್ಚಿಟ್ಟರೆ ಅವರು ನಿರ್ಧರಿಸುವುದು ಹೇಗೆ?

ವ್ರತಗಳನ್ನೂ ವೈದ್ಯರಿಗೆ ತಿಳಿಸಿ. ಕೆಪಸಿಟಾಬಿನ್ ಎಂಬ ಕೀಮೋ ಮಾತ್ರೆಯನ್ನು ದಿನಕ್ಕೆ ಎರಡು ಬಾರಿ, ಊಟವಾದ ಅರ್ಧ ಗಂಟೆಯೊಳಗೆ ನುಂಗಬೇಕು. ರಾತ್ರಿಭೋಜನ ಬಿಟ್ಟವರು ಮುಂಜಾನೆಯ ಹಾಗೂ ಸೂರ್ಯಾಸ್ತಕ್ಕೆ ಮುಂಚಿನ ಊಟಕ್ಕೆ ಅದನ್ನು ಹೊಂದಿಸಬಹುದೇ ಎಂದು ಕೇಳಲಿ. ಉಪವಾಸ, ಏಕಾಶನವನ್ನು ಕೇಳದೆ ಹಿಡಿಯಬಾರದು.

ನಮ್ಮ ಜಿಲ್ಲೆಯ ಬಾರ್ಶಿಯಲ್ಲಿಯೇ ಕ್ಯಾನ್ಸರ್ ಆಸ್ಪತ್ರೆಯಿದೆ. ದೇಶದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ 1987ರಲ್ಲಿ ಆರಂಭವಾದದ್ದು ಅಲ್ಲಿಯೇ. ಹೆಚ್ಚಿನ ಸಲಹೆಗೆ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಿದೆ.

ಚತುರ್ವಿಧ ದಾನಗಳಲ್ಲಿ ಔಷಧದಾನವೂ ಒಂದು. ಹಣವಿದ್ದವರು ಬಡ ರೋಗಿಯ ಔಷಧಕ್ಕೆ, ಪ್ರಯಾಣಕ್ಕೆ ಕೊಡಲಿ. ತಿಳಿದು ಒಪ್ಪಿ ಪ್ರಯೋಗಕ್ಕೆ ನಿಂತ ರೋಗಿ, ತಾನೆಂದೂ ಕಾಣದ ಇನ್ನೊಬ್ಬರಿಗೆ ಅದೇ ದಾನವನ್ನು ಮಾಡುತ್ತಾನೆ. ಒಪ್ಪದಿದ್ದವರನ್ನು ದೂರಬೇಕಾಗಿಲ್ಲ, ಒಪ್ಪಿದವರನ್ನು ನಾವು ಮರೆಯಬಾರದು.