ಎಡರೆಕ್ಕೆ ಏಕೆ ಉದ್ದ?

ಹಳೆಯ ನಕ್ಷೆಯೊಂದನ್ನು ಮುಂದಿಟ್ಟುಕೊಂಡು ವಿಮಾನದ ಮಾದರಿಯನ್ನು ಕಟ್ಟುವ ಹವ್ಯಾಸಿಗೂ, ಓಲೆಗರಿಯ ಪ್ರತಿಯನ್ನು ಮುಂದಿಟ್ಟುಕೊಂಡು ಕಾವ್ಯವನ್ನು ಸಂಪಾದಿಸುವ ಪಂಡಿತನಿಗೂ ಇರುವ ಕಷ್ಟ ಒಂದೇ ಎಂದರೆ ವಾಚಕರು ನಕ್ಕಾರು. ಒಬ್ಬನ ಕೈಗೆ ಅಂಟು, ಇನ್ನೊಬ್ಬನ ಕೈಗೆ ಧೂಳು, ಇವರಿಗೇನು ನಂಟು? ಆದರೂ ಇಬ್ಬರನ್ನೂ ಒಂದೇ ಬಗೆಯ ಪ್ರಲೋಭನೆ ಕಾಡುತ್ತದೆ: ತನಗೆ ಅರ್ಥವಾಗದುದನ್ನು ತಪ್ಪೆಂದು ಬಗೆದು ತಿದ್ದಿಬಿಡುವುದು. ಇದನ್ನು ಗೆಲ್ಲುವ ಅಭ್ಯಾಸವನ್ನು ನಮ್ಮ ಕಾಲೇಜುಗಳು ಈಗ ಕಲಿಸುತ್ತಿಲ್ಲ. ಮರದ ಒಂದು ಮಾದರಿ ವಿಮಾನ ಅದನ್ನು ಕಲಿಸಬಲ್ಲದು ಎಂಬುದು ನನ್ನ ವಾದ.

ನಾನು ಹೇಳುತ್ತಿರುವುದು ‘ಕಂಟ್ರೋಲ್ ಲೈನ್’ ಎಂಬ ಜಾತಿಯ ಮಾದರಿಯನ್ನು ಕುರಿತು. ಇದಕ್ಕೆ ರೇಡಿಯೋ ಇಲ್ಲ. ಹಾರಿಸುವವನು ಬಯಲಿನ ನಡುವೆ ನಿಂತು ಕೈಯಲ್ಲೊಂದು ಹಿಡಿಕೆ ಹಿಡಿದಿರುತ್ತಾನೆ. ಅದರಿಂದ ಹೊರಟ ಎರಡು ಸಣ್ಣ ಉಕ್ಕಿನ ತಂತಿಗಳು ಸುಮಾರು ಹದಿನೆಂಟು ಮೀಟರು ದೂರ ಸಾಗಿ ವಿಮಾನದ ಎಡರೆಕ್ಕೆಯನ್ನು ಹೊಕ್ಕು, ಒಡಲಿನೊಳಗಿನ ತಿರುಗುಪಟ್ಟಿಯೊಂದನ್ನು ಸೇರುತ್ತವೆ. ಹಿಡಿಕೆಯನ್ನು ಒಂದೆಡೆಗೆ ಬಾಗಿಸಿದರೆ ಬಾಲದ ಪಟ್ಟಿ ಮೇಲಕ್ಕೆ, ಇನ್ನೊಂದೆಡೆಗೆ ಬಾಗಿಸಿದರೆ ಕೆಳಕ್ಕೆ, ಇಷ್ಟೇ ಯಂತ್ರ. ವಿಮಾನ ಐದು ಸೆಕೆಂಡಿಗೊಂದು ಸುತ್ತು ಬರುತ್ತದೆ. ಕಿಲೋ ಒಂದೂಕಾಲು ತೂಗುವ ಮಾದರಿಯಾದರೆ ಹಿಡಿದವನ ಕೈಯನ್ನು ಮೂರು ಮೂರೂವರೆ ಕಿಲೋ ಭಾರದಷ್ಟು ಸೆಳೆಯುತ್ತದೆ. ಆ ಸೆಳೆತವೇ ಇಲ್ಲಿ ಸರ್ವಸ್ವ. ತಂತಿ ಬಿಗಿಯಾಗಿರುವಷ್ಟು ಕಾಲ ವಿಮಾನ ನಮ್ಮದು. ಸಡಿಲವಾಯಿತೋ, ಅದು ಭೂಮಿಯದು. 1940ರ ದಶಕದಲ್ಲಿ ಅಮೆರಿಕದ ಆರಿಗನ್ ಸೀಮೆಯ ಜಿಮ್ ವಾಕರ್ ಇದಕ್ಕೆ ಪೇಟೆಂಟ್ ಪಡೆದು ಹೆಸರಾದ. ಅವನಿಗಿಂತ ಮುಂಚೆಯೇ ಅದೇ ಸೀಮೆಯ ಓಬಾ ಸೇಂಟ್ ಕ್ಲೇರ್ ಎಂಬಾತ ಇಂಥದನ್ನು ಹಾರಿಸಿದ್ದ. ಕರ್ತೃತ್ವದ ಜಗಳ ಸಾಹಿತ್ಯಕ್ಕೆ ಮಾತ್ರ ಮೀಸಲಲ್ಲವೆಂದು ಇದರಿಂದ ತಿಳಿಯಬಹುದು.

ಈ ಜಾತಿಯಲ್ಲಿ ಅಭಿಜಾತವೆಂದು ಎಣಿಸಲಾದ ಕೃತಿ 1950ರ ದಶಕದ ಆರಂಭದಲ್ಲಿ ಜಾರ್ಜ್ ಆಲ್ಡ್ರಿಚ್ ರಚಿಸಿದ ‘ನೋಬ್ಲರ್’. ಐವತ್ತು ಅಂಗುಲದ ಆಸುಪಾಸಿನ ರೆಕ್ಕೆ. ಬಾಲ್ಸಾ ಮರದ ಪಕ್ಕೆಲುಬುಗಳು. ಇದರ ನಕ್ಷೆ ಪ್ರತಿಯಿಂದ ಪ್ರತಿಗೆ ಹರಿದು ಬಂದಿದೆ. ಯಂತ್ರದ ಸುರುಳಿಯಲ್ಲಿ ಎಳೆದು ತೆಗೆದ ಪ್ರತಿ ಉದ್ದಕ್ಕೆ ಒಂದು ಪ್ರಮಾಣದಲ್ಲಿ, ಅಗಲಕ್ಕೆ ಇನ್ನೊಂದು ಪ್ರಮಾಣದಲ್ಲಿ ಹಿಗ್ಗಿರಬಹುದಾದ್ದರಿಂದ ಕಟ್ಟುವವನು ಮೊದಲು ಅಳತೆಪಟ್ಟಿಯನ್ನೇ ಪರೀಕ್ಷಿಸಬೇಕು. ಅಂಚಿನಲ್ಲಿ ಹಿಂದಿನ ಯಾರೋ ಪೆನ್ಸಿಲಿನಲ್ಲಿ ಬರೆದ ಟಿಪ್ಪಣಿಗಳೂ ಇರುತ್ತವೆ. ಅವು ಮೂಲಕರ್ತನವೋ ಪ್ರತಿಕಾರನವೋ ವಿವೇಚಿಸಬೇಕು. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥ ಸಂಪಾದನೆ’ಯನ್ನು ಎಂ.ಎ. ತರಗತಿಯಲ್ಲಿ ಓದಿದವರಿಗೆ ಇದೆಲ್ಲ ಪರಿಚಿತವಾದ ಸಂಸಾರವೇ.

ಇಂಥ ನಕ್ಷೆಯನ್ನು ಮೊದಲ ಸಲ ನೋಡಿದವನಿಗೆ ಅದರ ತುಂಬ ತಪ್ಪುಗಳೇ ಕಾಣುತ್ತವೆ. ಎಡರೆಕ್ಕೆ ಬಲರೆಕ್ಕೆಗಿಂತ ಉದ್ದ. ಬಾಲದ ಚುಕ್ಕಾಣಿ ನೆಟ್ಟಗಿಲ್ಲ, ಬಲಕ್ಕೆ ಸೊಟ್ಟ. ಬಲರೆಕ್ಕೆಯ ತುದಿಯೊಳಗೆ ಸೀಸದ ಒಂದು ತುಣುಕನ್ನು ಹುದುಗಿಸಬೇಕೆಂಬ ಸೂಚನೆ ಬೇರೆ. ಹಾರುವ ವಸ್ತುವಿಗೆ ಭಾರವನ್ನು ಬೇಕೆಂದೇ ಕಟ್ಟುವುದು ಯಾವ ಜಾಣತನ? ಆದರೆ ವಿಮಾನ ಸುತ್ತುವುದು ವೃತ್ತದಲ್ಲಿ ಎಂಬುದನ್ನು ನೆನೆದೊಡನೆ ಎಲ್ಲವೂ ತಿಳಿಯಾಗುತ್ತದೆ. ಹೊರಗಿನ ರೆಕ್ಕೆ ದೊಡ್ಡ ವೃತ್ತದಲ್ಲಿ ಸಾಗುವುದರಿಂದ ಅದರ ವೇಗ ಹೆಚ್ಚು. ವೇಗ ಹೆಚ್ಚಿದಂತೆ ಎತ್ತುವ ಬಲವೂ ಹೆಚ್ಚು. ಎರಡು ರೆಕ್ಕೆಗಳೂ ಸಮನಾಗಿದ್ದರೆ ಹೊರರೆಕ್ಕೆ ಮೇಲೆದ್ದು, ವಿಮಾನ ಹಾರಿಸುವವನ ಕಡೆಗೆ ವಾಲಿ, ತಂತಿ ಸಡಿಲವಾಗುತ್ತದೆ. ಆದ್ದರಿಂದ ಒಳರೆಕ್ಕೆಗೆ ಹೆಚ್ಚಿನ ಉದ್ದ. ತಂತಿಗಳ ಭಾರ ಎಡಕ್ಕೆ ಜಗ್ಗುವುದರಿಂದ ಬಲತುದಿಗೆ ಸೀಸ. ಮೂತಿ ಸದಾ ವೃತ್ತದ ಹೊರಕ್ಕೆ ಎಳೆಯುತ್ತಿರಲೆಂದು ಸೊಟ್ಟ ಚುಕ್ಕಾಣಿ. ವಕ್ರವೆಂದು ಕಂಡ ಒಂದೊಂದು ಗೆರೆಯೂ ತಂತಿಯನ್ನು ಬಿಗಿಯಾಗಿಡುವ ಕೆಲಸ ಮಾಡುತ್ತಿದೆ.

ಕುಂದಲಹಳ್ಳಿಯಲ್ಲಿ ವಾಸವಾಗಿರುವ ನನ್ನ ವಿದ್ಯಾರ್ಥಿಯೊಬ್ಬ ಈ ನಕ್ಷೆಯನ್ನು ಕಂಪ್ಯೂಟರಿನಲ್ಲಿ ‘ಶುದ್ಧವಾಗಿ’ ಬರೆದ. ಒಂದು ರೆಕ್ಕೆಯನ್ನು ಬರೆದು, ಕನ್ನಡಿಬಿಂಬದ ಆಜ್ಞೆಯಿಂದ ಇನ್ನೊಂದನ್ನು ಪಡೆದ. ಚುಕ್ಕಾಣಿಯನ್ನು ನೆಟ್ಟಗೆ ಮಾಡಿದ. ಸೀಸವನ್ನು ಅನಾವಶ್ಯಕವೆಂದು ಕೈಬಿಟ್ಟ. ಲೇಸರ್ ಯಂತ್ರದಿಂದ ಕತ್ತರಿಸಿ ತಂದ ಹಲಗೆಗಳು ಕೂದಲೆಳೆಯೂ ವ್ಯತ್ಯಾಸವಿಲ್ಲದೆ ಕೂಡಿಕೊಂಡವು. ಅಷ್ಟು ಅಂದವಾದ ಮಾದರಿಯನ್ನು ನಾನು ಕಂಡಿರಲಿಲ್ಲ. ಮೂರನೆಯ ಸುತ್ತಿನಲ್ಲಿ ಎದುರುಗಾಳಿ ತುಸು ತಳ್ಳಿತು, ತಂತಿಗಳು ಜೋಲಿದವು, ನಾಲ್ಕು ತಿಂಗಳ ದುಡಿಮೆ ನೆಲಕ್ಕೆ ಬಡಿಯಿತು. ಹುಡುಗ ಬುದ್ಧಿವಂತ, ಕುರುಡನಲ್ಲ, ಸೋಮಾರಿಯಂತೂ ಅಲ್ಲವೇ ಅಲ್ಲ. ನಕ್ಷೆಯನ್ನು ನಂಬುವುದಕ್ಕಿಂತ ಮುಂಚೆ ಅದಕ್ಕೆ ಉಪಕಾರ ಮಾಡಹೊರಟ, ಅಷ್ಟೆ.

ಹಳಗನ್ನಡದ ಪ್ರತಿಗಳಲ್ಲಿ ಇದೇ ಕಥೆ ಎಷ್ಟು ಸಲ ನಡೆದಿಲ್ಲ! ‘ಅಱಿ’ ಎಂದರೆ ತಿಳಿ. ‘ಅರಿ’ ಎಂದರೆ ಕತ್ತರಿಸು, ಶತ್ರುವೂ ಆಗಬಹುದು. ಱಕಾರ ಬಳಕೆಯಿಂದ ಜಾರಿದ ಕಾಲದ ಲಿಪಿಕಾರನಿಗೆ ಆ ಅಕ್ಷರ ಹಳೆಯ ಕಾಲದ ಒಂದು ಸೊಟ್ಟು. ಅವನು ನೆಟ್ಟಗೆ ರಕಾರವನ್ನು ಬರೆದ. ಅರಿವಿಗೂ ಹಗೆಗೂ ಇದ್ದ ಗೆರೆ ಅಳಿಸಿತು. ಕ್ಲಿಷ್ಟವಾದ ಪಾಠವನ್ನು ಅವಸರದಿಂದ ಕೈಬಿಡಬಾರದೆಂದು ಸಂಪಾದಕರು ಹೇಳುವುದು ಇದಕ್ಕಾಗಿಯೇ. ಆದರೆ ನಾವು ತರಗತಿಯಲ್ಲಿ ಇದನ್ನು ಹೇಳಿದರೆ ವಿದ್ಯಾರ್ಥಿ ಬರೆದುಕೊಳ್ಳುತ್ತಾನೆ, ಪರೀಕ್ಷೆಯಲ್ಲಿ ಒಪ್ಪಿಸುತ್ತಾನೆ, ಮರೆಯುತ್ತಾನೆ. ತಪ್ಪು ಪಾಠವನ್ನು ಒಪ್ಪಿದ್ದರಿಂದ ಅವನ ಕಣ್ಣಮುಂದೆ ಏನೂ ಮುರಿದುಬೀಳುವುದಿಲ್ಲ. ಗದ್ಯಾನುವಾದದ ಕೈಪಿಡಿಗಳು ಎಲ್ಲ ಸೊಟ್ಟುಗಳನ್ನೂ ಮೊದಲೇ ನೆಟ್ಟಗೆ ಮಾಡಿಕೊಟ್ಟಿರುತ್ತವೆ.

ಹಾಗಾದರೆ ಯಾವುದನ್ನೂ ಬದಲಿಸಲೇಬಾರದೇ? ಇಷ್ಟು ಮಡಿ ನನಗೂ ಒಗ್ಗದು. ಓಲೆಯ ಕಾವ್ಯವನ್ನು ಅಚ್ಚಿನ ಮೊಳೆಯಲ್ಲಿ ಓದುವುದು ದೋಷವಲ್ಲ. ಅಂತೆಯೇ ಇಂದಿನ ಅಂಟನ್ನು ಬಳಸಿದರೆ ಅಪಚಾರವಿಲ್ಲ. ರೆಕ್ಕೆಗೆ ಕಾಗದದ ಬದಲು ತೆಳು ರೇಷ್ಮೆ ಹೊದಿಸುವ ಪದ್ಧತಿ ಹಿಂದಿನಿಂದಲೂ ಇದೆ. ಕರ್ನಾಟಕದಲ್ಲಿ ರೇಷ್ಮೆಗೇನು ಬರ? ಎಂಜಿನ್ನಿನ ಮಾತು ಮಾತ್ರ ಬೇರೆ. ಆ ಕಾಲದ ‘ಫಾಕ್ಸ್ 35’ ಮೆಥನಾಲು ಮತ್ತು ಹರಳೆಣ್ಣೆಯ ಮಿಶ್ರಣವನ್ನು ಕುಡಿದು, ನೇರ ಹಾರಾಟದಲ್ಲಿ ಗೊಗ್ಗರು ದನಿಯಲ್ಲಿ ನಿಧಾನವಾಗಿ ಓಡಿ, ಮೂತಿ ಮೇಲಕ್ಕೆತ್ತಿದೊಡನೆ ತಾನಾಗಿ ದನಿ ಏರಿಸಿ ಬಲ ಕೊಡುತ್ತಿತ್ತು. ಈ ಮಾದರಿಯನ್ನು ಹಾರಿಸಿದವರ ಕೈ ಪಳಗಿದ್ದು ಈ ಗುಣಕ್ಕೆ. ಅದರ ಜಾಗದಲ್ಲಿ ವಿದ್ಯುತ್ ಮೋಟಾರು, ಬ್ಯಾಟರಿ ಇಟ್ಟರೆ ತೂಕದ ಕೇಂದ್ರವೇ ಪಲ್ಲಟವಾಗುತ್ತದೆ. ಸದ್ದಿಗೆ ನೆರೆಯವರು ಆಕ್ಷೇಪಿಸುವ ಊರಿನಲ್ಲಿ ಹಾಗೆ ಮಾಡಬೇಕಾದೀತು, ಮಾಡಲಿ. ಆದರೆ ಬದಲಿಸಿದ್ದನ್ನೆಲ್ಲ ಒಂದು ಪುಸ್ತಕದಲ್ಲಿ ಪಾಠಾಂತರವೆಂದು ಬರೆದಿಡಲಿ, ಮತ್ತು ಮೊದಲ ಮಾದರಿಯನ್ನು ನಕ್ಷೆಯಲ್ಲಿದ್ದಂತೆಯೇ ಕಟ್ಟಿದ ಮೇಲೆ ಬದಲಿಸಲಿ.

ಮರದ ಮಾದರಿ ಮಕ್ಕಳಾಟವೆಂದು ಕೆಲವು ಅಧ್ಯಾಪಕಮಿತ್ರರು ಮೂಗು ಮುರಿಯುತ್ತಾರೆ. ಕುಂದಲಹಳ್ಳಿಯಿಂದ ಪಶ್ಚಿಮಕ್ಕೆ ಕೆಲವೇ ಮೈಲಿ ದೂರದಲ್ಲಿ 1940ರಲ್ಲಿ ಹಿಂದೂಸ್ಥಾನ್ ವಿಮಾನ ಕಾರ್ಖಾನೆ ಹುಟ್ಟಿತು. ಘಾಟಗೆಯವರು ರೂಪಿಸಿದ ಎಚ್.ಟಿ.-2 ಅಲ್ಲಿಂದ 1951ರಲ್ಲಿ ಹಾರಿತು. ಕುರ್ಟ್ ಟ್ಯಾಂಕರ ‘ಮರುತ್’ ಯುದ್ಧವಿಮಾನ 1961ರಲ್ಲಿ ಹಾರುವುದಕ್ಕೆ ಎರಡು ವರ್ಷ ಮುಂಚೆ, ಅದೇ ಅಳತೆಯ ಎಂಜಿನ್ನಿಲ್ಲದ ಮರದ ರೂಪವೊಂದನ್ನು ಕಟ್ಟಿ, ಡಕೋಟ ವಿಮಾನಕ್ಕೆ ಹಗ್ಗದಿಂದ ಬಿಗಿದು ಎಳೆಸಿ ಹಾರಿಸಿ ನೋಡಿದ್ದರು. ಜೆಟ್ ಯುಗದ ಎಂಜಿನಿಯರರಿಗೆ ಮರ ಮಕ್ಕಳಾಟವೆನಿಸಲಿಲ್ಲ. ಇಂದಿಗೂ ಎನ್.ಸಿ.ಸಿ. ವಾಯುದಳದ ಕೆಡೆಟ್ಟುಗಳ ಸ್ಪರ್ಧೆಗಳಲ್ಲಿ ತಂತಿಯ ವಿಮಾನಕ್ಕೆ ಸ್ಥಾನವಿದೆ. ಅದನ್ನು ಸಮವಸ್ತ್ರದವರಿಗೇ ಬಿಟ್ಟುಕೊಡಬೇಕಾಗಿಲ್ಲ. ಕನ್ನಡ ಐಚ್ಛಿಕದ ವಿದ್ಯಾರ್ಥಿಯೂ ಒಂದು ನಕ್ಷೆ ಬಿಡಿಸಿ ಕೂರಲಿ.

ಬೇಕಾದುದು ಆರಡಿಯ ಒಂದು ಮೇಜು, ಒಂದು ಚೂರಿ, ಮತ್ತು ಐವತ್ತು ಮೀಟರು ಅಡ್ಡಳತೆಯ ಬಯಲು. ಮೊದಲಿನೆರಡಕ್ಕೆ ಕೊರತೆಯಿಲ್ಲ. ಮೂರನೆಯದು ಕುಂದಲಹಳ್ಳಿಯಲ್ಲಿ ಈಗ ಸುಲಭಕ್ಕೆ ಸಿಕ್ಕದು. ಹೊಲಗಳಿದ್ದ ಕಡೆ ಕಂಪೆನಿಗಳ ಗಾಜಿನ ಗೋಡೆಗಳೆದ್ದಿವೆ, 2023ರಿಂದ ಮೆಟ್ರೋ ರೈಲು ತಲೆಯ ಮೇಲೆ ಓಡುತ್ತಿದೆ. ಆಟದ ಬಯಲುಳ್ಳ ಕಾಲೇಜುಗಳು ಭಾನುವಾರ ಬೆಳಗ್ಗೆ, ಗಾಳಿ ಏಳುವುದಕ್ಕೆ ಮುಂಚೆ, ಎರಡು ಗಂಟೆ ಬಾಗಿಲು ತೆರೆದರೆ ಸಾಕು. ಆ ಹುಡುಗ ಎರಡನೆಯ ಮಾದರಿಯನ್ನು ಈ ಸಲ ನಕ್ಷೆಯ ಮೇಲೆಯೇ ಪಕ್ಕೆಲುಬುಗಳನ್ನಿಟ್ಟು ಕಟ್ಟುತ್ತಿದ್ದಾನೆ; ದಸರೆಯ ಹೊತ್ತಿಗೆ ಮುಗಿದೀತು. ಅಷ್ಟರೊಳಗೆ ಬಯಲು ಹುಡುಕುವ ಕೆಲಸ ನಮ್ಮ ಪಾಲಿಗಿದೆ.