ಮೊಬೈಲಿನ ಮೇಲೇಕೆ ಗೂಬೆ?

'ಈಗಿನ ಮಕ್ಕಳು ಮೊಬೈಲ್ ಬಿಟ್ಟು ಏಳುವುದಿಲ್ಲ' ಎಂಬ ದೂರು ಕೇಳಿ ಕೇಳಿ ಸಾಕಾಗಿದೆ. ಎದ್ದು ಹೋಗುವುದಾದರೂ ಎಲ್ಲಿಗೆ ಸ್ವಾಮಿ? ಲಗೋರಿ ಆಡುತ್ತಿದ್ದ ಖಾಲಿ ಸೈಟುಗಳಲ್ಲಿ ಅಪಾರ್ಟ್‌ಮೆಂಟುಗಳು ಎದ್ದಿವೆ, ಗಲ್ಲಿ ಕ್ರಿಕೆಟ್ಟಿನ ಜಾಗದಲ್ಲಿ ಕಾರುಗಳು ನಿಂತಿವೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಗೆ ಆಟದ ಮೈದಾನ ಬೇಕೆನ್ನುತ್ತದೆ. ಬೆಂಗಳೂರಿನ ಎಷ್ಟೋ ಶಾಲೆಗಳಲ್ಲಿ ಮೈದಾನವೆಂದರೆ ಬಸ್ಸು ನಿಲ್ಲುವ ಸಿಮೆಂಟು ಅಂಗಳ. ಹತ್ತನೇ ತರಗತಿಗೆ ಬಂದರೆ ಪಿ.ಟಿ. ಪೀರಿಯಡ್ಡೂ ಗಣಿತದ ಮೇಷ್ಟ್ರ ಪಾಲು.

ಹುಡುಗಿಯರ ಕಥೆ ಇನ್ನೂ ಹಳೆಯದು. ಮೈನೆರೆದ ಮರುದಿನವೇ ಅವರ ಕುಂಟೆಬಿಲ್ಲೆ ನಿಲ್ಲುತ್ತಿದ್ದುದು ಮೊಬೈಲ್ ಹುಟ್ಟುವ ಎಷ್ಟೋ ಮೊದಲೇ. ವಿಶ್ವ ಆರೋಗ್ಯ ಸಂಸ್ಥೆಯ 2016ರ ಅಂಕಿಅಂಶದಂತೆ, ಜಗತ್ತಿನ 11ರಿಂದ 17 ವರ್ಷದ ಹುಡುಗಿಯರಲ್ಲಿ ಶೇ 85, ಹುಡುಗರಲ್ಲಿ ಶೇ 78 ಮಂದಿಗೆ ದಿನಕ್ಕೊಂದು ಗಂಟೆ ಮೈ ದಣಿಯುವಷ್ಟು ಚಟುವಟಿಕೆಯಿಲ್ಲ. 2006-07ರಲ್ಲಿ ನಮ್ಮ ಸರ್ಕಾರ ಎಂಟನೇ ತರಗತಿಯವರಿಗೆ ಸೈಕಲ್ ಕೊಡತೊಡಗಿದಾಗ ಹಳ್ಳಿಯ ಹುಡುಗಿಯರು ಪೆಡಲ್ ತುಳಿದು ಹೈಸ್ಕೂಲಿಗೆ ಹೊರಟರು. ಅದನ್ನು ಯಾರೂ ಫಿಟ್‌ನೆಸ್ ಯೋಜನೆ ಎನ್ನಲಿಲ್ಲ. ನನ್ನ ಮಟ್ಟಿಗೆ ಅದಕ್ಕಿಂತ ಒಳ್ಳೆಯದು ಇನ್ನೊಂದು ಬಂದಿಲ್ಲ. ಕೋವಿಡ್ ಹೊತ್ತಿಗೆ ಅದೂ ನಿಂತಿತು. ಪೇಟೆಯಲ್ಲೀಗ ಗಂಟೆಗಿಷ್ಟು ಎಂದು ಟರ್ಫ್ ಬಾಡಿಗೆಗೆ ಸಿಗುತ್ತದೆ. ದುಡ್ಡು ಕಟ್ಟುವ ಅಪ್ಪ ಇದ್ದವರು ಆಡಲಿ, ಅಲ್ಲವೇ?