ಹಳೇ ಟ್ರ್ಯಾಕ್ಟರ್ ನಡುಹೊಲದಾಗ ನಿಂತರ ಪಂಪ್ ಬಿಚ್ಚೋ ಮೊದಲು ಇಷ್ಟು ನೋಡ್ರಿ: ಡೀಸೆಲ್ ಎಲ್ಲಿ ತಡೀತದ, ರೊಕ್ಕ ಎಲ್ಲಿ ಹೋಗ್ತದ?

ಕಮಲಾಪುರ: ಎರಿ ಹೊಲದಲ್ಲಿ ತೊಗರಿ ಬಿತ್ತಲು ಸರಿಯಾದ ಹದ ಸಿಗುವುದು ನಾಲ್ಕೈದು ದಿನ ಮಾತ್ರ. ಮಳೆ ಹೆಚ್ಚಾದರೆ ಗಾಲಿ ಹೂತುಕೊಳ್ಳುತ್ತದೆ, ನಾಲ್ಕು ದಿನ ಬಿಸಿಲು ಬಿದ್ದರೆ ಹಸಿ ಆರಿ ಹೋಗುತ್ತದೆ. ಅಂಥ ಹೊತ್ತಿನಲ್ಲೇ ಇಪ್ಪತ್ತು ವರ್ಷದ ಟ್ರ್ಯಾಕ್ಟರ್ ಎರಡು ಸುತ್ತು ಹೊಡೆದು, ಮುಕ್ಕರಿಸಿ, ನಿಂತುಬಿಡುತ್ತದೆ. ಸೆಲ್ಫ್ ಹೊಡೆದರೆ ತಿರುಗುತ್ತದೆ, ಹತ್ತುವುದಿಲ್ಲ. ಕಟ್ಟೆ ಮೇಲೆ ಕೂತವರು ಒಂದೇ ಮಾತು ಹೇಳ್ತಾರೆ: 'ಪಂಪ್ ಹೋಗ್ಯಾದ, ಕಲಬುರಗಿಗೆ ಒಯ್ರಿ.'

ಈ ಮಾತು ಎಷ್ಟೋ ಸಲ ತಪ್ಪು. ಆದರೆ ಅದಕ್ಕೆ ಬೆಲೆ ತೆರುವವನು ರೈತ. ಪಂಪ್ ಬಿಚ್ಚಿ ಸಿಟಿಗೆ ಒಯ್ದು, ಟೆಸ್ಟ್ ಬೆಂಚ್ ಮೇಲೆ ಪಾಳಿ ಬಂದು, ವಾಪಸ್ ಕೂಡಿಸುವ ಹೊತ್ತಿಗೆ ಹದವೇ ಹೋಗಿರುತ್ತದೆ. ಬಿತ್ತನೆ ತಪ್ಪಿದರೆ ನಷ್ಟ ಹೊಲಕ್ಕಷ್ಟೇ ಅಲ್ಲ. ಬೀಜ, ಗೊಬ್ಬರ, ಕಿರಾಣಿಯನ್ನು ಉದ್ರಿ ಕೊಟ್ಟ ಅಂಗಡಿಯವರ ಲೆಕ್ಕವೂ ಸುಗ್ಗಿಗೆ ಚುಕ್ತಾ ಆಗೋದಿಲ್ಲ.

ಹಳೇ ಗಾಡಿ ಯಾಕೆ ಬಿಡೋದಿಲ್ಲ?

2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ, ಟ್ರ್ಯಾಕ್ಟರ್ ಟೈರ್ ಮೇಲಿನದು ಶೇ 18ರಿಂದ ಶೇ 5ಕ್ಕೆ ಇಳಿದಿದೆ. ಹೊಸದು ಕೊಳ್ಳುವವರಿಗೆ ಅನುಕೂಲವೇ. ಆದರೆ ಕಂತು ಕಟ್ಟಲು ಬೆಳೆ ಕೈಗೆ ಬರಬೇಕಲ್ಲ? ಅದಕ್ಕೇ ಸಣ್ಣ ರೈತರು ಹಳೇ ಗಾಡಿ ಬಿಡೋದಿಲ್ಲ. ಪಿಂಜೋರ್‌ನ ಎಚ್‌ಎಂಟಿ ಟ್ರ್ಯಾಕ್ಟರ್ ಘಟಕವನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿದ್ದು 2016ರಲ್ಲಿ. ಆ ಕಂಪನಿಯ ಗಾಡಿ ಇಟ್ಟುಕೊಂಡವರು ಇವತ್ತಿಗೂ ರಿಪೇರಿ ಮಾಡಿಸಿ ಓಡಿಸುತ್ತಾರೆ.

ಇನ್ನೊಂದು ಕಾರಣವೂ ಇದೆ. 2023ರ ಜನವರಿಯಿಂದ 50 ಎಚ್‌ಪಿ ಮೇಲಿನ ಹೊಸ ಟ್ರ್ಯಾಕ್ಟರ್‌ಗಳಿಗೆ ಟ್ರೆಮ್-4 ಹೊಗೆ ನಿಯಮ ಬಂದಿದೆ. ಅಂಥವುಗಳಲ್ಲಿ ಸಾಮಾನ್ಯವಾಗಿ ಸೆನ್ಸರ್, ಕಂಪ್ಯೂಟರ್ ಇರುತ್ತವೆ. ಹಳೇ ಗಾಡಿಯಲ್ಲಿ ಎಲ್ಲವೂ ಕಣ್ಣಿಗೆ ಕಾಣುತ್ತದೆ, ಪಾನಾಕ್ಕೆ ಸಿಗುತ್ತದೆ. ಡೀಸೆಲ್ ಹೋಗುವ ದಾರಿ ತಿಳಿದರೆ ಅರ್ಧ ಕೆಲಸ ಮುಗಿದಂತೆ: ಟ್ಯಾಂಕ್, ಫೀಡ್ ಪಂಪ್, ಎರಡು ಫಿಲ್ಟರ್, ದೊಡ್ಡ ಪಂಪ್, ಕೊನೆಗೆ ನೋಝಲ್. ಹುಡುಕುವುದೂ ಇದೇ ಸಾಲಿನಲ್ಲಿ, ಟ್ಯಾಂಕ್‌ನಿಂದ ಶುರು ಮಾಡಿ. ನಮ್ಮಲ್ಲಿ ಆಗುತ್ತಿರುವುದು ಉಲ್ಟಾ.

ಟ್ಯಾಂಕ್‌ನಿಂದ ಶುರು ಮಾಡ್ರಿ

ಮೊದಲು ಬಂದ್ ಮಾಡುವ ದಾರ, ಅಂದರೆ ಸ್ಟಾಪ್ ಕೇಬಲ್, ಪೂರ್ತಿ ವಾಪಸ್ ಹೋಗಿದೆಯೇ ನೋಡಿ. ಅರ್ಧಕ್ಕೆ ಸಿಕ್ಕಿಕೊಂಡಿದ್ದರೆ ಪಂಪ್ ಎಷ್ಟು ಚಲೋ ಇದ್ದರೂ ಡೀಸೆಲ್ ಬಿಡೋದಿಲ್ಲ.

ಎರಡನೆಯದು ಟ್ಯಾಂಕ್ ಮುಚ್ಚಳ. ಡೀಸೆಲ್ ಕೆಳಗಿಳಿದಂತೆ ಮೇಲಿಂದ ಗಾಳಿ ಒಳಗೆ ಬರಬೇಕು. ಅದಕ್ಕಾಗಿ ಇರುವ ಸಣ್ಣ ತೂತು ಧೂಳಿನಿಂದ ಮುಚ್ಚಿದರೆ ಗಾಡಿ ಸ್ವಲ್ಪ ಹೊತ್ತು ಓಡಿ ನಿಲ್ಲುತ್ತದೆ, ಸುಮ್ಮನೆ ಬಿಟ್ಟರೆ ಮತ್ತೆ ಹತ್ತುತ್ತದೆ. ನಿಂತ ಕೂಡಲೇ ಮುಚ್ಚಳ ಸಡಿಲ ಮಾಡಿ. 'ಸುಯ್' ಅಂತ ಗಾಳಿ ಎಳೆದುಕೊಂಡರೆ ರೋಗ ಸಿಕ್ಕಿತು. ಖರ್ಚು ಸೊನ್ನೆ.

ಮೂರನೆಯದು, ಫೀಡ್ ಪಂಪ್‌ಗೆ ಬರುವ ಪೈಪ್ ಬಿಚ್ಚಿ ಕೆಳಗೆ ಡಬ್ಬಿ ಹಿಡಿಯಿರಿ. ಟ್ಯಾಂಕ್ ಮೇಲಿರುವ ಗಾಡಿಯಲ್ಲಿ ಡೀಸೆಲ್ ತಾನಾಗಿಯೇ ಧಾರೆಯಾಗಿ ಬೀಳಬೇಕು. ತೊಟ್ಟಿಕ್ಕಿದರೆ ಟ್ಯಾಂಕ್ ತಳದ ಜಾಳಿಗೆಯಲ್ಲೋ ಪೈಪ್‌ನಲ್ಲೋ ಕಸ ಇದೆ. ಪೈಪ್‌ಗೆ ಗಾಳಿ ಹೊಡೆದರೆ ಕಸ ಟ್ಯಾಂಕ್‌ಗೆ ವಾಪಸ್ ಹೋಗುತ್ತದೆ, ನಾಳೆ ಮತ್ತೆ ಬರುತ್ತದೆ. ಟ್ಯಾಂಕ್ ಇಳಿಸಿ ತೊಳೆಯುವುದೇ ಪಕ್ಕಾ ಇಲಾಜು.

ನಾಲ್ಕನೆಯದು ಫಿಲ್ಟರ್. ಖಾಲಿ ಓಡುವಾಗ ಸರಿ ಇದ್ದು, ರಂಟೆ ಇಳಿಸಿದ ಕೂಡಲೇ ದಮ್ ಬಿಟ್ಟರೆ ಮೊದಲ ಅನುಮಾನ ಇದರ ಮೇಲೆ. ಹೊಸ ಫಿಲ್ಟರ್ ಹಾಕುವಾಗ ಅದರ ರಬ್ಬರ್ ರಿಂಗ್, ಬೋಲ್ಟ್‌ನ ತಾಮ್ರದ ವಾಷರ್ ಕೂಡ ಬದಲಿಸಿ. ಹಳೇ ವಾಷರ್ ಉಳಿಸಿದ್ದೇ ಮುಂದಿನ ತಲೆನೋವು, ಅಂದರೆ ಏರ್.

ಏರ್ ಹಿಡಿಯೋದು: ಹನಿ ಕಾಣೋದಿಲ್ಲ, ಗಾಡಿ ನಿಲ್ತದ

ಟ್ಯಾಂಕ್‌ನಿಂದ ಫೀಡ್ ಪಂಪ್‌ವರೆಗಿನ ಪೈಪ್‌ನಲ್ಲಿ ಇಂಜಿನ್ ಡೀಸೆಲ್ ಎಳೆಯುತ್ತಿರುತ್ತದೆ. ಅಲ್ಲಿ ಕೂದಲೆಳೆ ಸೀಳಿದ್ದರೂ ಹೊರಗೆ ಡೀಸೆಲ್ ಸೋರಬೇಕೆಂದಿಲ್ಲ, ಒಳಗೆ ಗಾಳಿ ಹೋಗುತ್ತದೆ. 'ಎಲ್ಲೂ ಲೀಕ್ ಇಲ್ಲ ನೋಡ್ರಿ' ಅಂತ ಮಿಸ್ತ್ರಿ ಮೋಸ ಹೋಗುವುದು ಇಲ್ಲೇ.

ಫಿಲ್ಟರ್ ಮೇಲಿನ ಏರ್ ಸ್ಕ್ರೂ ಸಡಿಲ ಮಾಡಿ, ಫೀಡ್ ಪಂಪ್‌ನ ಕೈಗುಂಡಿ ಒತ್ತುತ್ತಾ ಹೋಗಿ. ನೊರೆ, ಗುಳ್ಳೆ ಹೋಗಿ ಬರೀ ಡೀಸೆಲ್ ಬಂದ ಮೇಲೆ, ಒತ್ತುತ್ತಿರುವಾಗಲೇ ಸ್ಕ್ರೂ ಬಿಗಿ ಮಾಡಿ. ಆಮೇಲೆ ದೊಡ್ಡ ಪಂಪ್‌ನ ಸ್ಕ್ರೂದಲ್ಲೂ ಹೀಗೇ. ದಿನಾ ಬೆಳಿಗ್ಗೆ ಇದೇ ಕೆಲಸ ಮಾಡಬೇಕಾದರೆ ರಿಪೇರಿ ಆಗಿಲ್ಲ ಅಂತಲೇ ಅರ್ಥ. ಒಂದೊಂದೇ ವಾಷರ್, ಪೈಪ್ ಬದಲಿಸುತ್ತಾ ಗಾಳಿ ಬರುವ ಜಾಗ ಹಿಡಿಯಬೇಕು.

ಎಚ್ಚರಿಕೆ: ನೋಝಲ್ ಪೈಪ್ ಸಡಿಲ ಮಾಡಿ ಸೆಲ್ಫ್ ಹೊಡೆಯುವಾಗ ಬೆರಳು ಅಡ್ಡ ಹಿಡಿಯಬೇಡಿ. ಆ ಒತ್ತಡಕ್ಕೆ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ. ಗಾಯ ಸಣ್ಣದಾಗಿ ಕಂಡರೂ ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು.

ನೀರು ಎಲ್ಲಿಂದ ಬರ್ತದ?

2025ರ ಮಳೆಗಾಲದಲ್ಲಿ ಭೀಮಾ ಉಕ್ಕಿ ಜಿಲ್ಲೆಯ ಹೊಲಗಳು ಮುಳುಗಿದ್ದು ಎಲ್ಲರಿಗೂ ನೆನಪಿದೆ. ಆದರೆ ಡೀಸೆಲ್‌ಗೆ ನೀರು ಸೇರಲು ಪ್ರವಾಹವೇ ಬೇಕಿಲ್ಲ. ಅಂಗಳದಲ್ಲಿ ನಿಂತ ಗಾಡಿಯ ಸಡಿಲ ಮುಚ್ಚಳ ಸಾಕು, ಬಾಯಿ ತೆರೆದ ಬ್ಯಾರಲ್ ಸಾಕು. ಟ್ಯಾಂಕ್ ಅರ್ಧ ಖಾಲಿ ಇದ್ದರೆ ರಾತ್ರಿ ತಂಪಿಗೆ ಒಳಗಿನ ಗಾಳಿಯ ತೇವವೇ ಹನಿಗಟ್ಟುತ್ತದೆ. ನೀರು ಭಾರ, ತಳಕ್ಕೆ ಇಳಿಯುತ್ತದೆ. ಅಲ್ಲೇ ಮಡ್ಡಿ, ಲೋಳೆ ಬೆಳೆಯುತ್ತದೆ. ಈ ನೀರು ಪಂಪ್‌ವರೆಗೆ ಹೋದರೆ ಆಗ ನಿಜವಾಗಿಯೂ ಪಂಪ್ ಹೋಗುತ್ತದೆ, ಯಾಕಂದರೆ ಒಳಗಿನ ಭಾಗಗಳಿಗೆ ಡೀಸೆಲ್ಲೇ ಎಣ್ಣೆ.

ಹಾಗಾಗಿ ಸಂಜೆಯೇ ಟ್ಯಾಂಕ್ ತುಂಬಿಸಿ ನಿಲ್ಲಿಸುವುದು, ವಾರಕ್ಕೊಮ್ಮೆ ಫಿಲ್ಟರ್ ತಳದ ಸ್ಕ್ರೂ ಬಿಚ್ಚಿ ನೀರು ಬಿಡುವುದು, ಕ್ಯಾನ್‌ನ ತಳದ ಡೀಸೆಲ್ ಹಾಕದಿರುವುದು: ಈ ಮೂರು ಅಭ್ಯಾಸ ಸಾಕು.

ಲೆಕ್ಕ ಏನು ಹೇಳ್ತದ?

ರಾಜ್ಯ ಸರ್ಕಾರ ಡೀಸೆಲ್ ಮಾರಾಟ ತೆರಿಗೆಯನ್ನು 2024ರ ಜೂನ್‌ನಲ್ಲಿ ಶೇ 18.4ಕ್ಕೆ, 2025ರ ಏಪ್ರಿಲ್ 1ರಿಂದ ಶೇ 21.17ಕ್ಕೆ ಏರಿಸಿತು. ಎರಡೂ ಸೇರಿ ಲೀಟರಿಗೆ 5 ರೂಪಾಯಿಗೂ ಹೆಚ್ಚು ಹೊರೆ. ದಿನಕ್ಕೆ 30 ಲೀಟರ್ ಸುಟ್ಟರೆ 150 ರೂಪಾಯಿ. 2022-23ರ ಬಜೆಟ್‌ನ 'ರೈತ ಶಕ್ತಿ' ಯೋಜನೆ ಘೋಷಿಸಿದ್ದು ಎಕರೆಗೆ 250 ರೂಪಾಯಿ, ಅದೂ 5 ಎಕರೆ ಮಿತಿಯಲ್ಲಿ. ಇಂಥ ಲೆಕ್ಕದ ನಡುವೆ ಬೇಡದ ಪಂಪ್ ರಿಪೇರಿಯೊಂದು ಬಂದರೆ ಆ ನೆರವೆಲ್ಲ ಒಂದೇ ದಿನಕ್ಕೆ ಕರಗುತ್ತದೆ.

ಪಂಪ್ ಕೆಡುವುದೇ ಇಲ್ಲ ಅಂತಲ್ಲ. ಡೀಸೆಲ್ ಧಾರೆ ಸರಿ ಇದ್ದು, ಫಿಲ್ಟರ್ ಹೊಸದಿದ್ದು, ಏರ್ ತೆಗೆದ ಮೇಲೂ ನೋಝಲ್ ಪೈಪ್‌ಗೆ ಡೀಸೆಲ್ ಬರದಿದ್ದರೆ ಕಲಬುರಗಿಗೆ ಒಯ್ಯಲೇಬೇಕು. ಕ್ಯಾಲಿಬ್ರೇಷನ್ ಗಿಡದ ಕೆಳಗೆ ಕೂತು ಮಾಡುವ ಕೆಲಸ ಅಲ್ಲ. ಒಯ್ದಾಗ ಏನು ಬದಲಿಸಿದರು ಅಂತ ಪಕ್ಕಾ ಬಿಲ್ ಕೇಳಿ, ಹಳೇ ಸಾಮಾನು ವಾಪಸ್ ಕೇಳಿ.

ಅಂಗಡಿಯವರ ಪಾಲೂ ಇದರಲ್ಲಿ ಇದೆ. ಅಗ್ಗದ ಡೂಪ್ಲಿಕೇಟ್ ಫಿಲ್ಟರ್ ಒಂದು ಗಿರಾಕಿಗೆ ಮಾರಬಹುದು, ಆದರೆ ಅವನ ಗಾಡಿ ಹದದಾಗ ನಿಂತರೆ ಸುಗ್ಗಿಯ ವ್ಯಾಪಾರವೇ ಹೋಗುತ್ತದೆ. ಇನ್ನು ಕೃಷಿ ಇಲಾಖೆ. 2014-15ರಿಂದ ಕೃಷಿ ಯಂತ್ರಧಾರೆ ಕೇಂದ್ರಗಳು ಬಾಡಿಗೆಗೆ ಯಂತ್ರ ಕೊಡುತ್ತಿವೆ, ಅದು ಬೇಕು. ಅದರ ಜೊತೆಗೆ ಮೃಗಶಿರಾ ಮಳೆಗೆ ಮೊದಲು ರೈತ ಸಂಪರ್ಕ ಕೇಂದ್ರದ ಅಂಗಳದಲ್ಲಿ ಒಂದು ದಿನ ಹಳೇ ಟ್ರ್ಯಾಕ್ಟರ್ ತಪಾಸಣೆ ಇಟ್ಟರೆ ಖರ್ಚು ದೊಡ್ಡದಲ್ಲ. ಒಬ್ಬ ಮಿಸ್ತ್ರಿ, ಎರಡು ಪಾನಾ, ಒಂದು ಡಬ್ಬಿ ವಾಷರ್ ಸಾಕು.

ಅಲ್ಲಿವರೆಗೆ ನಿಮ್ಮ ಟೂಲ್ ಬಾಕ್ಸ್‌ನಾಗ ನಾಲ್ಕು ತಾಮ್ರದ ವಾಷರ್, ಒಂದು ಹೊಸ ಫಿಲ್ಟರ್ ಇಟ್ಟುಕೊಳ್ಳಿ. ಗಾಡಿ ನಿಂತಾಗ ಮೊದಲು ಮುಚ್ಚಳ ತೆಗೆದು ನೋಡ್ರಿ, ಪಂಪ್ ಆಮೇಲೆ.